ತಾಯಿನೀರು

ನೂಲಗೇರಿಯಲ್ಲಿ ಮೊದಲು ಬಣ್ಣ ಕಳೆದುಕೊಂಡದ್ದು ಪೋಸ್ಟ್ ಮಾಸ್ತರರ ಹೆಂಡತಿಯ ಸೆರಗು. ಓಣಿಯ ಬಸುರಿಯೊಬ್ಬಳ ಕುಬಸದ ಊಟಕ್ಕೆ ಉಟ್ಟುಕೊಂಡು ಹೋದಾಗ ಅದು ಅಪ್ಪಟ ಗಿಣಿಹಸಿರಾಗಿತ್ತು. ಸೆಖೆಗೆ ಸೆರಗಿನಿಂದಲೇ ಮುಖ ಕತ್ತು ಒರೆಸಿಕೊಂಡು, ಮನೆಗೆ ಬಂದು ಗಳದ ಮೇಲೆ ಹಾಕಿದ್ದಳು. ಮಾರನೆಯ ದಿನ ತೆಗೆದು ನೋಡಿದರೆ ಒರೆಸಿದಲ್ಲೆಲ್ಲ ಸೀರೆ ಹಾಲಿನ ಕೆನೆಯ ಹಾಗೆ ಬಿಳಿಚಿಕೊಂಡಿತ್ತು. ಆಕೆ ನೇರ ಅಂಗಡಿಗೆ ಹೋಗಿ ಜಗಳಾಡಿದಳು. ಅಂಗಡಿಯವನು ಸಾಬೂನಿನ ಮೇಲೆ ತಪ್ಪು ಹೊರಿಸಿದ. ವಾರ ಕಳೆಯುವುದರೊಳಗೆ ಅವನ ಗಲ್ಲಾಪೆಟ್ಟಿಗೆಯ ಮೇಲಿನ ಕೆಂಪು ಮಖಮಲ್ಲೂ ಅದೇ ದಾರಿ ಹಿಡಿಯಿತು.

ಆಮೇಲೆ ಅದಕ್ಕೆ ತಡೆಯೇ ಇರಲಿಲ್ಲ. ಶಾಲೆಯ ಮಕ್ಕಳ ಸಮವಸ್ತ್ರ ಕಂಕುಳಿಂದ ಶುರುವಾಗಿ ಬೆಳ್ಳಗಾಯಿತು. ನಗರಸಭೆ ಚುನಾವಣೆಗೆ ಹೊರಟ ಎರಡು ಪಕ್ಷಗಳ ಮೆರವಣಿಗೆ ಚೌಕದಲ್ಲಿ ಎದುರಾದಾಗ ಎರಡರ ಬಾವುಟವೂ ಒಂದೇ ಬಣ್ಣದ್ದಾಗಿ, ಯಾರು ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಅರ್ಧ ಜನ ಚಹಾದ ಅಂಗಡಿಗೆ ನುಗ್ಗಿದರು. ಊರಿನಲ್ಲಿ ಬಣ್ಣ ಉಳಿದದ್ದು ಪೊಲೀಸರ ಖಾಕಿಗೆ ಮತ್ತು ಹುಡುಗರ ಜೀನ್ಸ್ ಪ್ಯಾಂಟಿಗೆ ಮಾತ್ರ.

ಹೆಂಗಸರನ್ನು ಕಾಡಿದ ಪ್ರಶ್ನೆ ಬೇರೆ. ಬಣ್ಣ ಬಿಡುವ ಸೀರೆ ಅವರಿಗೆ ಹೊಸದಲ್ಲ. ಆದರೆ ಬಣ್ಣ ಬಿಟ್ಟರೆ ಬಕೆಟ್ಟಿನ ನೀರಾದರೂ ಕೆಂಪಾಗಬೇಕಲ್ಲ? ಇಲ್ಲಿ ನೀರು ನೀರಾಗಿಯೇ ಇತ್ತು. ನಳದ ಮುಂದೆ ಕೊಡ ಹಿಡಿದು ನಿಂತವರು ಒಬ್ಬರನ್ನೊಬ್ಬರು ಕೇಳುತ್ತಿದ್ದರು: "ಹೋದ ಬಣ್ಣ ಎಲ್ಲಿಗೆ ಹೋತವ್ವ?"

ಆ ಸಾಲಿನಲ್ಲಿ ನಿಂತಿದ್ದ ಮಹಾನಂದಾಳಿಗೆ ಉತ್ತರ ಗೊತ್ತಿತ್ತು. ಅವಳು ಬಾಯಿ ಬಿಡದೆ ಕೊಡ ತುಂಬಿಸಿಕೊಂಡು ಮನೆಗೆ ಬಂದಳು.

ಊರಿನ ಅಂಚಿನಲ್ಲಿ, ಹಳ್ಳದ ದಂಡೆಗೆ, ಬಣ್ಣದ ನೀರನ್ನು ಶುದ್ಧ ಮಾಡುವ ಘಟಕವಿತ್ತು. ಮಹಾನಂದಾ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಈ ಊರಿಗೆ ಬಂದು, ಅಲ್ಲಿ ನೀರಿನ ಮಾದರಿ ತುಂಬುವ ಕೆಲಸಕ್ಕೆ ಸೇರಿದವಳು. ಈಗ ನಲವತ್ತೇಳನೆಯ ವಯಸ್ಸಿಗೆ ಘಟಕದ ಮುಖ್ಯಸ್ಥೆ. ಅವಳ ಗಂಡ ಗುರುಸಿದ್ದಪ್ಪ ಬಣ್ಣಗಾರ ಓಣಿಯ ಹೆಸರಾಂತ ಬಣ್ಣದ ಮಾಸ್ತರ. ಸೊಲ್ಲಾಪುರದ ವ್ಯಾಪಾರಿಗಳು "ಗುರುಸಿದ್ದಪ್ಪನ ಕೆಂಪು" ಎಂದೇ ಕೇಳಿ ಒಯ್ಯುತ್ತಿದ್ದರು. ಗಂಡ ನೂಲಿಗೆ ಬಣ್ಣ ಹಾಕುವುದು, ಹೆಂಡತಿ ನೀರಿನಿಂದ ಬಣ್ಣ ತೆಗೆಯುವುದು. "ನಾ ಹಚ್ಚೂದು, ನೀ ಬಿಡಸೂದು, ಭಗವಂತ ಬರೋಬ್ಬರಿ ಜೋಡಿ ಕೂಡಿಸ್ಯಾನ" ಎಂದು ಅವನು ಬೀಗರ ಮುಂದೆಲ್ಲ ಹೇಳಿ ನಗುತ್ತಿದ್ದ.

ಹಳ್ಳದ ಕಥೆಯನ್ನು ಅವಳು ಅತ್ತೆ ದಾನವ್ವನ ಬಾಯಿಂದ ಕೇಳಿದ್ದಳು. ದಾನವ್ವನ ಅತ್ತೆಯ ಕಾಲಕ್ಕೆ ಬೇರು ತೊಗಟೆ ಕುದಿಸಿ ಬಣ್ಣ ತೆಗೆಯುತ್ತಿದ್ದರು. ಹಳ್ಳದಲ್ಲಿ ಜಳಕ ಮಾಡುತ್ತಿದ್ದರು. ಆಮೇಲೆ ರೈಲಿನಲ್ಲಿ ಡಬ್ಬಿ ಬಣ್ಣ ಬಂತು. ತಿಂಗಳುಗಟ್ಟಲೆಯ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯಿತು, ಹೊಲದಲ್ಲಿ ದುಡಿಯುವ ಹೆಣ್ಣುಮಗಳೂ ಕೆಂಪು ಸೀರೆ ಉಡುವ ಹಾಗಾಯಿತು, ಹಳ್ಳಕ್ಕೆ ಬಣ್ಣ ಬಂತು. ಅದರ ಬೆನ್ನಿಗೆ ವಿದ್ಯುತ್ ಮಗ್ಗ. ಅದರ ಸದ್ದಿಗೆ ಊರ ಜನರ ದನಿಯೇ ಏರಿಬಿಟ್ಟಿತು. ಇವತ್ತಿಗೂ ನೂಲಗೇರಿಯವರು ಬೇರೆ ಊರಲ್ಲಿ ಗುಟ್ಟು ಹೇಳಿದರೆ ಬೀದಿಗೆಲ್ಲ ಕೇಳುತ್ತದೆ. ಮತ್ತೆ ಕಂಪ್ಯೂಟರ್ ಮಗ್ಗ ಬಂದು ಚಿತ್ರ ಬಿಡಿಸುವವರ ಕೆಲಸ ಹೋಯಿತು. ಪ್ರತಿ ಸಲವೂ ಯಾರದೋ ಕೈ ಖಾಲಿಯಾಗಿ ಇನ್ನಾರದೋ ಕೈ ತುಂಬಿತು. ಹಳ್ಳ ಮಾತ್ರ ಒಂದೊಂದು ಸಲಕ್ಕೂ ಒಂದೊಂದು ಪಾಲು ದಪ್ಪಗಾಯಿತು. ಕೊನೆಕೊನೆಗೆ ಅದರ ನೀರು ಕುಡಿದ ಗಬ್ಬದ ಎಮ್ಮೆಗಳು ದಿನ ತುಂಬುವ ಮೊದಲೇ ಕಂದು ಹಾಕತೊಡಗಿದವು.

ಹಾಗಿದ್ದಾಗ ಬಂದದ್ದು ಈ ಹೊಸ ಕ್ರಾಂತಿ. ಅದಕ್ಕೆ ಹೊಗೆ, ತಂತಿ, ಸದ್ದು ಯಾವುದೂ ಇರಲಿಲ್ಲ. ಕಣ್ಣಿಗೂ ಕಾಣದ ಒಂದು ಜೀವಾಣು. ಡಬ್ಬಿ ಬಣ್ಣಗಳಲ್ಲಿ, ಅದರಲ್ಲೂ ಕೆಂಪು ಹಳದಿ ಕೇಸರಿಗಳಲ್ಲಿ, ಸಾರಜನಕದ ಎರಡು ಪರಮಾಣುಗಳು ಕೈ ಕೈ ಹಿಡಿದು ನಿಂತಿರುತ್ತವೆ. ಆ ಹಿಡಿತ ಇರುವವರೆಗೆ ಬಣ್ಣ, ಬಿಡಿಸಿದರೆ ಬಣ್ಣವಿಲ್ಲ. ಹಿಡಿತ ಬಿಡಿಸಿ, ಉಳಿದ ವಿಷದ ತುಣುಕುಗಳನ್ನೂ ತಿಂದು ಮುಗಿಸುವಂತೆ ಈ ಜೀವಾಣುವನ್ನು ತಿದ್ದಿ ತಯಾರಿಸಿದ್ದರು. ನೀಲಿ ಜೀನ್ಸಿಗೂ ಖಾಕಿಗೂ ಹಾಕುವ ಬಣ್ಣದಲ್ಲಿ ಅಂಥ ಜೋಡಿ ಇಲ್ಲದ್ದರಿಂದ ಅವು ಬಚಾವಾದವು. ತಯಾರಿಸಿದ ಕಂಪನಿಯ ಕಡತದಲ್ಲಿ ಜೀವಾಣುವಿಗೆ ಒಂದು ಉದ್ದನೆಯ ಸಂಖ್ಯೆಯಿತ್ತು. ಘಟಕದಲ್ಲಿ ಕಸ ಗುಡಿಸುವ ಹೆಂಗಸರು ಅದನ್ನು "ಬಣ್ಣಗಳ್ಳಿ" ಎಂದು ಕರೆದರು, ಅದೇ ನಿಂತಿತು.

ಬಣ್ಣಗಳ್ಳಿ ಹೊರಗೆ ಓಡಿಹೋಗದ ಹಾಗೆ ಅದರೊಳಗೇ ಒಂದು ಬೀಗ ಇಟ್ಟಿದ್ದರು. ಘಟಕದಲ್ಲಿ ಎರಡು ಹೊತ್ತು ಹಾಕುವ ಒಂದು ವಿಶೇಷ ಮೇವು ಇಲ್ಲದಿದ್ದರೆ ಅದು ಕೆಲವೇ ತಾಸಿನಲ್ಲಿ ಸಾಯಬೇಕು. ಆ ಧೈರ್ಯದ ಮೇಲೆಯೇ ತಿಳಿಯಾದ ನೀರನ್ನು ಹಳ್ಳಕ್ಕಷ್ಟೇ ಬಿಡದೆ, ಕೊಳವೆಯಲ್ಲಿ ಮತ್ತೆ ಬಣ್ಣದ ಮನೆಗಳಿಗೆ ಕಳಿಸುತ್ತಿದ್ದರು. ನೀರಿಲ್ಲದ ಸೀಮೆ ಅದು. ಒಂದೇ ನೀರು ಹತ್ತು ಸಲ ದುಡಿಯಬೇಕಿತ್ತು.

ಮಹಾನಂದಾಳಿಗೆ ಆ ತೊಟ್ಟಿಗಳೆಂದರೆ ಒಂದು ಬಗೆಯ ಮರುಳು. ಒಳಬರುವ ನೀರನ್ನು ನೋಡಿಯೇ ಅವಳು ಯುಗಾದಿಗೆ ಪೇಟೆ ಯಾವ ಸೀರೆ ಕೇಳುತ್ತಿದೆ, ಈ ವರ್ಷ ಮದುವೆಗಳು ಎಷ್ಟು ಎಂದು ಹೇಳುತ್ತಿದ್ದಳು. ಕಡುಗೆಂಪು ನೀರು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹರಿಯುತ್ತ, ಗುಲಾಬಿಯಾಗಿ, ಚಹಾದ ಬಣ್ಣಕ್ಕಿಳಿದು, ಕೊನೆಗೆ ಏನೂ ಅಲ್ಲದಂತೆ ಹೊರಬೀಳುವುದನ್ನು ಹನ್ನೆರಡು ವರ್ಷ ನೋಡಿದರೂ ಅವಳಿಗೆ ಬೇಸರ ಬಂದಿರಲಿಲ್ಲ. ಹಳ್ಳದ ತಳದ ಕಲ್ಲು ಮೊದಲ ಸಲ ಕಂಡ ದಿನ ಅವಳು ದಂಡೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು. ಯಾಕೆ ಅಳು ಬಂತೆಂದು ಅವಳಿಗೇ ತಿಳಿದಿರಲಿಲ್ಲ.

ಈಗ ಅದೇ ಬಣ್ಣಗಳ್ಳಿ ಬೀಗ ಮುರಿದು ಊರು ಸೇರಿತ್ತು.

ಕಂಪನಿ ಮೈಸೂರಿನಿಂದ ಡಾ. ನಚಿಕೇತ ಎಂಬ ತರುಣ ವಿಜ್ಞಾನಿಯನ್ನು ಕಳಿಸಿತು. ಅವನು ನಿಯಂತ್ರಣ ಕೊಠಡಿಯ ಮೇಜಿನ ಮೇಲೆ ಉಕ್ಕಿನ ಒಂದು ಸಿಲಿಂಡರ್ ಇಟ್ಟ. ಅಡುಗೆಮನೆಯ ಎಣ್ಣೆ ಡಬ್ಬಿಯಷ್ಟು ಎತ್ತರದ್ದು.

"ಇದರಲ್ಲಿ ವೈರಸ್ ಇದೆ ಮೇಡಂ. ನಮಗೇನೂ ಮಾಡಲ್ಲ, ಬಣ್ಣಗಳ್ಳಿಯನ್ನ ಮಾತ್ರ ಹುಡುಕಿ ಕೊಲ್ಲುತ್ತೆ. ತೊಟ್ಟಿಗೆ ಬಿಟ್ಟರೆ ನೀರಿನ ಜೊತೆ ಊರೆಲ್ಲ ತಿರುಗಿ ಬರುತ್ತೆ."

"ನಮ್ಮ ತೊಟ್ಟಿಯೊಳಗಿನವು?"

"ಅವೂ ಹೋಗ್ತವೆ."

"ಹಳ್ಳ?"

ನಚಿಕೇತ ಕಿಟಕಿಯಾಚೆ ನೋಡಿದ. "ಮೊದಲು ಹೇಗಿತ್ತೋ ಹಾಗಾಗುತ್ತೆ. ಈ ವೈರಸ್ ಒಮ್ಮೆ ಬಂದರೆ ಇಲ್ಲೇ ಕೂತುಬಿಡುತ್ತೆ. ಹೊಸದಾಗಿ ಬಣ್ಣಗಳ್ಳಿ ತಂದು ಬಿಟ್ಟರೂ ಬದುಕಲ್ಲ. ಬೇರೆ ಜೀವಾಣು ತಯಾರಿಸೋಕೆ ಎರಡು ವರ್ಷ ಅಂತಾರೆ ಮೇಲಿನವರು. ನನ್ನ ಲೆಕ್ಕ ಕೇಳಿದರೆ ಐದಾರು." ಸಿಲಿಂಡರನ್ನು ಅವಳ ಕಡೆ ಸರಿಸಿ ಅಂದ: "ಘಟಕದ ಮುಖ್ಯಸ್ಥರು ನೀವು. ತೊಟ್ಟಿಗಳ ಕೀಲಿ ನಿಮ್ಮ ಹತ್ತಿರ ಇದೆ. ಸಿಲಿಂಡರನ್ನ ನೀವೇ ತೆರೆಯಬೇಕು."

"ಅದರೊಳಗಿನ ಬೀಗ ಹೆಂಗ ಮುರೀತು ಅಂತ ತಿಳೀದ ಕೊಲ್ಲೂದು ಹೆಂಗ್ರೀ? ಊರಾಗ ಆ ಮೇವು ಎಲ್ಲೂ ಸಿಗೂದಿಲ್ಲ. ಎಲ್ಲೋ ಯಾರೋ ಅದಕ್ಕ ಉಣ್ಣಾಕ ಹಾಕಾಕತ್ತಾರ."

"ಅದು ನನಗೂ ಅರ್ಥ ಆಗ್ತಿಲ್ಲ. ಒಂದು ವಾರ ತಗೊಳ್ಳಿ. ಅದಕ್ಕಿಂತ ಹೆಚ್ಚು ನಾನು ತಡೆದು ನಿಲ್ಲಿಸಲಾರೆ."

ಮನೆಗೆ ಬಂದಾಗ ಪಡಸಾಲೆಯಲ್ಲಿ ಗಂಟುಗಳು ಬಿದ್ದಿದ್ದವು. ಗುರುಸಿದ್ದಪ್ಪ ಅವುಗಳ ನಡುವೆ ಕೂತಿದ್ದ.

"ಸೊಲ್ಲಾಪುರದಿಂದ ಮತ್ತ ವಾಪಸ್ ಬಂತು," ಎಂದ.

"ಎಲ್ಲಾನೂ?"

"ನೀಲಿ ಒಂದ ಇಟ್ಕೊಂಡಾರ. ಇಡೀ ಮಹಾರಾಷ್ಟ್ರಕ್ಕ ನೀಲಿ ಉಡಿಸ್ಲೇನ ಇನ್ನ?"

ಅವಳು ನಗಬೇಕೆಂದುಕೊಂಡಳು, ನಗು ಬರಲಿಲ್ಲ. ಅವನು ಒಂದು ಲಡಿ ನೂಲನ್ನು ಬೆಳಕಿಗೆ ಹಿಡಿದ. ಒಂದು ತುದಿ ಅವನ ಕೆಂಪು, ಇನ್ನೊಂದು ತುದಿ ಬರೀ ನೂಲು.

"ಆ ಸಿಲಿಂಡರ್ ಯಾವಾಗ ತಗೀತಿ?"

"ನಿಮಗ ಯಾರು ಹೇಳಿದ್ರು?"

"ಊರ ತುಂಬ ಹೇಳಾಕತ್ತಾರ. ನನ್ನ ಹೆಂಡ್ತಿ ಒಬ್ಬಾಕಿ ಹೇಳಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ತೆರೆದರೆ ಹಳ್ಳ ಹೋಗುತ್ತದೆ, ತೆರೆಯದಿದ್ದರೆ ಇವನ ಕೈಕೆಲಸ ಹೋಗುತ್ತದೆ. ಎರಡೂ ತನ್ನ ಮನೆಯವೇ. ಇಷ್ಟು ವರ್ಷ ಎರಡನ್ನೂ ಒಂದೇ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದವಳಿಗೆ ಈಗ ಯಾರೋ ಒಂದು ಗಂಟು ಬಿಚ್ಚು ಎಂದಂತಾಗಿತ್ತು. "ವಾರ ಕೊಡ್ರಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಅಡುಗೆಮನೆಯಲ್ಲಿ ದಾನವ್ವ ಜೋಳದ ನುಚ್ಚಿನ ಗಂಜಿಯನ್ನು ಬಟ್ಟಲಿಗೆ ಬಸಿಯುತ್ತಿದ್ದಳು. ಮುಂಜಾನೆ ಮಾಡಿಟ್ಟ ಗಂಜಿ, ಸಂಜೆಗೆ ಹುಳಿಯ ವಾಸನೆ ಹೊಡೆಯುತ್ತಿತ್ತು. ಮುದುಕಿ ಬಟ್ಟಲಿನ ಮೇಲೆ ತಾಟು ಮುಚ್ಚಿ, ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು, ಹಿತ್ತಿಲ ಬಣ್ಣದ ಮನೆಯತ್ತ ನಡೆದಳು. ಮದುವೆಯಾಗಿ ಬಂದಂದಿನಿಂದ ಮಹಾನಂದಾ ಇದನ್ನು ದಿನಾ ನೋಡಿದ್ದಾಳೆ. ನೋಡಿ ನೋಡಿಯೇ ಕಾಣದಂತಾಗಿತ್ತು. ಅವತ್ತು ಯಾಕೋ ಅತ್ತೆಯ ಹಿಂದೆಯೇ ಹೋದಳು.

ಗಂಡನ ಅಜ್ಜನ ಕಾಲದ, ಕೆಂಪು ಬಣ್ಣ ಹಾಕುವ ತಾಮ್ರದ ತೊಟ್ಟಿ ಮೂಲೆಯಲ್ಲಿತ್ತು. ದಿನದ ಕೆಲಸ ಮುಗಿದು ತಳದಲ್ಲಿ ನಾಲ್ಕು ಬೆರಳಷ್ಟು ನೀರು ನಿಂತಿತ್ತು. ಅದನ್ನು ಯಾರೂ ಚೆಲ್ಲುವುದಿಲ್ಲ. ಅದು ತಾಯಿನೀರು. ಮರುದಿನದ ಹೊಸ ನೀರನ್ನು ಅದರ ಮೇಲೆಯೇ ಸುರಿಯಬೇಕು. ಅಣ್ಣತಮ್ಮಂದಿರು ಬೇರೆಯಾದರೆ ಒಂದು ತಂಬಿಗೆ ತಾಯಿನೀರು ಒಯ್ದು ಹೊಸ ತೊಟ್ಟಿ ಹೂಡಬೇಕು, ಮೊಸರಿಗೆ ಹೆಪ್ಪು ಒಯ್ದ ಹಾಗೆ. ಬಣ್ಣ ಕೂಡುವುದು ಅದರಿಂದಲೇ ಎಂದು ಓಣಿಗೆ ಓಣಿಯೇ ನಂಬಿತ್ತು. ಗುರುಸಿದ್ದಪ್ಪನ ಮನೆಯ ತೊಟ್ಟಿ ಮೂರು ತಲೆಮಾರಿನಿಂದ ಬರಿದಾಗಿರಲಿಲ್ಲ.

ದಾನವ್ವ ಗಂಜಿಯನ್ನು ಅದಕ್ಕೆ ಸುರಿದು, "ಉಣ್ಣವ್ವ ತಾಯಿ," ಎಂದು ಕೈಮುಗಿದಳು.

"ಅತ್ತೀ, ದಿನಾ ಹಾಕ್ತೀರಲ್ಲ ಇದನ್ನ?"

"ದಿನಾ ಅಂದ್ರ? ನಿನಗ ದಿನಾ ಹಸಿವ್ಯಾಗೂದಿಲ್ಲೇನು?"

"ಎಲ್ಲಾರ ಮನ್ಯಾಗೂ ಹಾಕ್ತಾರೇನು?"

"ಹಾಕದ ಏನು? ಆ ಪರಪ್ಪನ ಹೆಂಡ್ತಿ ಒಬ್ಬಾಕಿ ಅನ್ನದ ತಿಳಿ ಹಾಕ್ತಾಳ. ಅದಕ್ಕ ಅವರ ಕೆಂಪು ಹಂಗ ಪಿಚಕ್ ಅಂತಿರ್ತೈತಿ."

"ಅದು ತಿಂತೈತಿ ಅಂತ ನಿಮಗ ಹೆಂಗ ಗೊತ್ತು?"

"ಮುಂಜಾನಿ ಬಂದು ನೋಡು. ಗಂಜಿ ಇರೂದಿಲ್ಲ."

ಮಹಾನಂದಾಳಿಗೆ ಮೊದಲು ನಗು ಬಂತು. ನಗು ಅರ್ಧಕ್ಕೇ ನಿಂತಿತು. ಘಟಕದಿಂದ ಕೊಳವೆಯಲ್ಲಿ ಬಂದ ನೀರಿನಲ್ಲಿ ಸಾಯುವುದಕ್ಕೆ ಕೆಲವು ತಾಸಷ್ಟೇ ಬಾಕಿ ಇದ್ದ ಬಣ್ಣಗಳ್ಳಿಗಳು. ಅವು ಬಂದು ಬಿದ್ದದ್ದು ಎಂದೂ ಬರಿದಾಗದ ತೊಟ್ಟಿಗೆ. ಸಂಜೆಗೆ ಘಟಕದ ಮೇವಿನ ಬದಲು ಹುಳಿ ಗಂಜಿಯ ಊಟ, ಮುಂಜಾನೆಗೆ ತಾಜಾ ಕೆಂಪು. ಹಗಲು ಕಾಯಿಸಿದಾಗ ಬಹಳಷ್ಟು ಸತ್ತಿರಬೇಕು. ತಾಳಿಕೊಂಡ ನಾಲ್ಕಾರು ತಾಯಿನೀರಿನಲ್ಲಿ ಉಳಿದು ಮರಿ ಹಾಕಿರಬೇಕು. ದಿನಾ ಕಾಯಿಸಿ, ಆರಿಸಿ, ಉಣಿಸಿ ಇಡೀ ಓಣಿ ಅದನ್ನು ಮನೆಮಗಳ ಹಾಗೆ ಸಾಕಿತ್ತು. ಹಿಂದೆ ಕಂಪನಿಯವರು ಸಮೀಕ್ಷೆಗೆ ಬಂದು ತೊಟ್ಟಿಗಳ ಅಳತೆ, ಕಾವು ಎಲ್ಲ ಕೇಳಿ ಹೋಗಿದ್ದರು. ತಾಯಿನೀರಿನ ಮಾತನ್ನು ಯಾರೂ ಎತ್ತಿರಲಿಲ್ಲ. ಮನೆದೇವರಿಗೆ ಏನು ಎಡೆ ಇಡುತ್ತೀರಿ ಎಂದು ಅವರು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಆ ಸಭೆಯಲ್ಲಿ ಅವಳೂ ಕೂತಿದ್ದಳು.

ಮರುದಿನ ಓಣಿಯ ತೊಟ್ಟಿಗಳಿಂದ ಶೀಷೆಗಳಲ್ಲಿ ನೀರು ತುಂಬಿಕೊಂಡು ಹೋಗಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಘಟಕದ ಬಣ್ಣಗಳ್ಳಿ ತೆಳ್ಳಗೆ ನಾಜೂಕಾಗಿತ್ತು. ಓಣಿಯದು ಗಟ್ಟಿ ಕವಚ ಹೊದ್ದು, ಕಂಬಳಿ ಹೊದ್ದ ಕುರುಬನ ಹಾಗೆ ದುಂಡಗೆ ಕೂತಿತ್ತು. ನಚಿಕೇತ ಬಹಳ ಹೊತ್ತು ಕಣ್ಣು ತೆಗೆಯಲೇ ಇಲ್ಲ.

"ಮೇಡಂ, ಇದನ್ನ ನಾವು ಲ್ಯಾಬಿನಲ್ಲಿ ಮಾಡಬೇಕು ಅಂದರೆ ಹತ್ತು ಜನ, ಐದು ವರ್ಷ ಬೇಕಿತ್ತು."

"ನಮ್ಮ ಅತ್ತಿ ಒಂದು ಬಟ್ಟಲ ಗಂಜಿಯಾಗ ಮಾಡ್ಯಾರ."

ಇಬ್ಬರೂ ನಕ್ಕರು. ನಕ್ಕ ಮೇಲೆ ಕೆಲಸಕ್ಕೆ ಕೂತರು. ಮೂರು ದಿನದ ಪರೀಕ್ಷೆಯಲ್ಲಿ ಒಂದು ಸಂಗತಿ ಖಚಿತವಾಯಿತು. ಓಣಿಯ ಬಣ್ಣಗಳ್ಳಿ ಬೆಳೆಯುವುದು ತಾಯಿನೀರಿನಲ್ಲಿ ಮಾತ್ರ. ನೂಲಿಗೆ ಅಂಟಿಕೊಂಡು ಊರಿಗೆ ಬಂದದ್ದು ಬಟ್ಟೆಯ ಬಣ್ಣವನ್ನು ತಿನ್ನಬಲ್ಲದು, ಒಗೆಯುವಾಗ ಪಕ್ಕದ ಬಟ್ಟೆಗೆ ದಾಟಬಲ್ಲದು. ತಿನ್ನಲು ಬಣ್ಣವೇ ಸಿಗದಿದ್ದರೆ ಕೆಲವು ತಿಂಗಳಲ್ಲಿ ಕವಚದೊಳಗೇ ಒಣಗಿ ಸಾಯುತ್ತದೆ. ಹಾಗಾದರೆ ಸಿಲಿಂಡರ್ ಬೇಕಿಲ್ಲ. ಓಣಿಯ ಅಷ್ಟೂ ತೊಟ್ಟಿಗಳನ್ನು ಬರಿದು ಮಾಡಿ, ತಳಕ್ಕೆ ಉಗಿ ಹಾಯಿಸಿ, ಮಳೆಗಾಲ ಮುಗಿಯುವವರೆಗೆ ಊರಿನಲ್ಲಿ ಹೊಸ ಬಣ್ಣ ಕಾಣದಂತೆ ನೋಡಿಕೊಂಡರೆ ಸಾಕು. ಘಟಕದ ತೊಟ್ಟಿಯ ಬಣ್ಣಗಳ್ಳಿಗಳೊಳಗಿನ ಬೀಗ ಗಟ್ಟಿಯಾಗಿಯೇ ಇತ್ತು. ಕೂಡಿಟ್ಟ ಬಣ್ಣದ ನೀರಿನಲ್ಲಿ ಅವನ್ನು ಜೀವ ಹಿಡಿಸಿ ಇಡಬಹುದಿತ್ತು.

"ಆದರೆ ಒಂದು ತೊಟ್ಟಿ ಉಳಿದರೂ ಮತ್ತೆ ಎಲ್ಲ ಮೊದಲಿಂದ," ಎಂದ ನಚಿಕೇತ. "ಒಂದು ಮನೆ ಒಪ್ಪದಿದ್ದರೂ ಸಿಲಿಂಡರ್ ತೆರೆಯಲೇಬೇಕಾಗುತ್ತೆ. ನಾಲ್ಕು ತಿಂಗಳು ಬಣ್ಣ ಬಿಟ್ಟು ಇರ್ತಾರಾ ಇವರು?"

"ಬಣ್ಣ ಬಿಟ್ಟಿರ್ತಾರ," ಎಂದಳು ಮಹಾನಂದಾ. "ತಾಯಿನೀರು ಚೆಲ್ತಾರೋ ಇಲ್ಲೋ, ಅದು ಗೊತ್ತಿಲ್ಲ."

ಬಣ್ಣಗಾರರ ಸಂಘದ ಸಭೆಗೆ ಓಣಿಯ ಗಂಡಸರೆಲ್ಲ ಬಂದಿದ್ದರು. ಎಲ್ಲರ ಅಂಗಿಯೂ ಬೆಳ್ಳಗೆ, ಯಾವುದೋ ಶಾಂತಿಯಾತ್ರೆಗೆ ಹೊರಟವರ ಹಾಗೆ. ಮಹಾನಂದಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವಳು ಮುಗಿಸುವ ಮೊದಲೇ ಗದ್ದಲ ಎದ್ದಿತು.

"ಇಷ್ಟ ದಿನ ಹಳ್ಳಾ ಕೆಡಿಸೀರಿ ಅಂತ ನಮ್ಮ ಮ್ಯಾಲ ಹಾಕಿದ್ರಿ," ಎಂದ ಸಂಘದ ಅಧ್ಯಕ್ಷ ಪರಪ್ಪ. "ಈಗ ಹುಳಾ ಸಾಕೀರಿ ಅಂತ ನಮ್ಮ ಹೆಣ್ಮಕ್ಕಳ ಮ್ಯಾಲ ಹಾಕಾಕತ್ತೀರಿ. ತಂದು ಬಿಟ್ಟಾವ್ರು ಯಾರ್ರೀ? ನಿಮ್ಮ ಕಂಪನಿ."

"ಖರೆ ಐತ್ರಿ. ಅವರು ತಂದ್ರು, ನಾವು ಸಾಕಿದ್ವಿ. ಸಾಕಿದ್ರಾಗ ನಮ್ಮನಿ ಗಂಜೀನೂ ಐತಿ."

"ಆ ಡಬ್ಬಿ ತೆರದಬಿಡ್ರಿ, ಕಿರಿಕಿರಿ ಮುಗೀತು," ಎಂದ ಪರಪ್ಪ.

"ತೆರದ್ರ ಹಳ್ಳ ಹೋತು ಮಾವ. ಮತ್ತ ನಿಮ್ಮ ಎಮ್ಮಿ ಯಾವ ನೀರು ಕುಡೀಬೇಕು?"

ಹಿಂದಿನಿಂದ ಯಾರೋ ಕೂಗಿದರು: "ಗಂಡನ ಅಂಗಡಿ ಮುಚ್ಚಿಸಿ ಪಗಾರ ತಗೊಳ್ಳಾಕಿ ನಮ್ಮೂರಾಗ ಒಬ್ಬಾಕಿನ ಇರಬೇಕ ನೋಡ್ರಿ!"

ಸಭೆ ನಕ್ಕಿತು. ಮೂಲೆಯಲ್ಲಿದ್ದ ಗುರುಸಿದ್ದಪ್ಪ ಆಗ ಎದ್ದು ನಿಂತ. ಅವನು ನಗುತ್ತಿರಲಿಲ್ಲ. ಊರಿನ ಎದುರಿಗೆ ಹೆಂಡತಿಯನ್ನು ಕೇಳುವ ಹಾಗಲ್ಲ, ಘಟಕದ ಮುಖ್ಯಸ್ಥೆಯನ್ನು ಕೇಳುವ ಹಾಗೆ ಕೇಳಿದ:

"ತಾಯಿನೀರು ಚೆಲ್ಲಿ ಹೊಸಾ ನೀರು ಹಾಕಿದ್ರ, ಬಣ್ಣ ಮೊದಲಿನಂಗ ಕೂಡ್ತೈತೇನ್ರಿ?"

ಗದ್ದಲ ನಿಂತಿತು. ಎಲ್ಲರ ಹೊಟ್ಟೆಯೊಳಗಿದ್ದ ಪ್ರಶ್ನೆ ಅದೇ. ಮಹಾನಂದಾ ಗಂಡನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಅವಳಿಗೆ ಕಾಣದ್ದೊಂದು ಅವತ್ತು ಕಂಡಿತು. ಅವನ ಭಯ ವ್ಯಾಪಾರದ್ದಾಗಿರಲಿಲ್ಲ. ಊರೂರಿಗೆ ಹೆಸರಾದ ಆ ಕೆಂಪು ತನ್ನ ಕೈಯದೋ, ತೊಟ್ಟಿಯದೋ ಎಂಬುದು ಅವನಿಗೇ ಗೊತ್ತಿರಲಿಲ್ಲ. ಹೌದು, ಖಂಡಿತ ಕೂಡುತ್ತದೆ ಎಂದುಬಿಟ್ಟರೆ ಸಭೆ ಅರ್ಧ ಗೆದ್ದಂತೆ. ನಾಲಿಗೆಯ ತುದಿಗೆ ಬಂದ ಆ ಮಾತನ್ನು ಅವಳು ನುಂಗಿಕೊಂಡಳು.

"ಗೊತ್ತಿಲ್ಲ," ಎಂದಳು. "ನೂಲು, ನೀರು, ಕಾವು ಅಷ್ಟ ಸಾಕು ಅಂತ ನಾ ಓದೀನಿ. ಆದ್ರ ತಾಯಿನೀರು ಇಲ್ಲದ ನಮ್ಮ ಓಣ್ಯಾಗ ಯಾರೂ ಬಣ್ಣ ಹಾಕಿಲ್ಲ. ಬಣ್ಣ ಕೂಡಸೂದು ಅದೋ, ನಿಮ್ಮ ಕೈಯೋ, ಈತನಕ ಯಾರೂ ನೋಡಿಲ್ಲ. ನೋಡಬೇಕಂತ ನನಗಂತೂ ಬಾಳ ಆಸೆ ಐತಿ."

ಗುರುಸಿದ್ದಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವನ ಬೆನ್ನಿಗೇ ಸಭೆಯೂ ಚದುರಿತು.

ಮರುದಿನ ಬೆಳಿಗ್ಗೆ ಮಹಾನಂದಾ ಬುತ್ತಿ ಕಟ್ಟಿಕೊಂಡು ಘಟಕಕ್ಕೆ ಹೊರಟಾಗ ಹಿತ್ತಿಲಿನಿಂದ ಬಕೆಟ್ಟಿನ ಸದ್ದು ಕೇಳಿಸಿತು. ಗುರುಸಿದ್ದಪ್ಪ ಲುಂಗಿ ಎತ್ತಿ ಕಟ್ಟಿ ತಾಯಿನೀರನ್ನು ಪೀಪಾಯಿಗೆ ತೋಡುತ್ತಿದ್ದ. ದಾನವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಎವ್ವಾ, ಹೊರಗ ಹೋಗು. ನೀ ನೋಡಬ್ಯಾಡ."

"ನಾ ಎಲ್ಲಿ ನೋಡಾಕತ್ತೀನಿ? ಗೋಡಿ ನೋಡಾಕತ್ತೀನಿ." ಸ್ವಲ್ಪ ಹೊತ್ತಿಗೆ ಮುದುಕಿ ಎದ್ದು, ಅಡುಗೆಮನೆಗೆ ಹೋಗಿ, ಗಂಜಿಯ ಬಟ್ಟಲು ಹಿಡಿದು ಬಂದಳು.

"ಅತ್ತೀ, ಇನ್ನ ಅದಕ್ಕ ಹಾಕಬಾರದ್ರಿ!"

"ಸುಮ್ಕಿರ. ಮನೀ ಬಿಟ್ಟು ಹೋಗಾಕಿನ ಹಸದ ಹೊಟ್ಟೀಲೆ ಕಳಸ್ತಾರೇನು?" ಎಂದು ಪೀಪಾಯಿಗೇ ಗಂಜಿ ಸುರಿದಳು. ಪೀಪಾಯಿ ಹೇಗೂ ಕುದಿಯುವುದಿತ್ತು. ಮಹಾನಂದಾ ತಡೆಯಲಿಲ್ಲ.

ನೀರು ಮುಗಿದ ಮೇಲೆ ತಳದಲ್ಲಿ ವರ್ಷಗಟ್ಟಲೆ ಕೂತು ಒಣಗಿದ ಬಣ್ಣದ ಗಟ್ಟಿ ಹೆಕ್ಕಳೆ ಕಂಡಿತು. ಗುರುಸಿದ್ದಪ್ಪ ಉಳಿಯಿಂದ ಕೆತ್ತಿ ಒಂದು ಚೂರನ್ನು ಎತ್ತಿ ಬಿಸಿಲಿಗೆ ಹಿಡಿದ. ಒಡೆದ ಅಂಚಿನಲ್ಲಿ ಪದರು ಪದರು ಬಣ್ಣ. ಮೇಲೆ ಅವನ ಉರಿಗೆಂಪು. ಅದರ ಕೆಳಗೆ ಗಾಢ ಕೆಂಪು. ಅದು ಅಪ್ಪನದು, ವಿದ್ಯುತ್ ಮಗ್ಗ ಬಂದ ಕಾಲದ್ದು. ಅದರ ಕೆಳಗೆ ಕಣ್ಣಿಗೆ ಹೊಡೆಯುವ ಗುಲಾಬಿಗೆಂಪಿನ ಒಂದು ಗೆರೆ. ಮೊದಲ ಡಬ್ಬಿ ಬಣ್ಣ. ಎಲ್ಲಕ್ಕಿಂತ ಕೆಳಗೆ, ತಾಮ್ರಕ್ಕೆ ಅಂಟಿಕೊಂಡು, ಒಣಗಿದ ದಾಳಿಂಬೆ ಸಿಪ್ಪೆಯ ಹಾಗೆ ಕಂದಾದ ತೆಳುಪದರು, ಬೇರಿನದು. ಬಣ್ಣಗಳ್ಳಿಯ ಹಲ್ಲಿಗೆ ಈ ಗಟ್ಟಿ ಹೆಕ್ಕಳೆ ಸಿಕ್ಕಿರಲಿಲ್ಲ. ಗಂಡ ಹೆಂಡತಿ ತಲೆಗೆ ತಲೆ ಹಚ್ಚಿ ಅದನ್ನೇ ನೋಡಿದರು.

"ನಮ್ಮ ಅಜ್ಜನೂ ಕೈ ಬದಲ್ ಮಾಡ್ಯಾನ ನೋಡು," ಎಂದ ಅವನು, ತನಗೇ ಹೇಳಿಕೊಂಡ ಹಾಗೆ. "ಬೇರಿನ ಬಣ್ಣ ಬಿಟ್ಟು ಡಬ್ಬಿ ಬಣ್ಣ ಹಿಡೀವಾಗ ಅವಂಗೂ ಅಂಜಿಕಿ ಬಂದಿರಬೇಕು."

ಬೇಲಿಯಾಚೆ ಓಣಿಯ ಮಂದಿ ನಿಂತಿದ್ದರು. ಉಗಿಯ ಕೊಳವೆ ತೊಟ್ಟಿಗಿಳಿದು ತಾಮ್ರ ಮೊಳಗಿದಾಗ ಒಬ್ಬೊಬ್ಬರೇ ಮನೆಗೆ ತಿರುಗಿದರು. ಸಂಜೆಯ ಹೊತ್ತಿಗೆ ಓಣಿಯ ತುಂಬ ಬಕೆಟ್ಟುಗಳ ಸದ್ದು. ಪರಪ್ಪ ಮಾತ್ರ ಮತ್ತೆರಡು ದಿನ ಬಿಗಿದುಕೊಂಡು ಕೂತ. ಕೊನೆಗೆ ಅವನ ಹೆಂಡತಿಯೇ ತೊಟ್ಟಿ ಬೋರಲು ಹಾಕಿದಳೆಂದು ಸುದ್ದಿ. ನಚಿಕೇತ ಸಿಲಿಂಡರನ್ನು ಪೆಟ್ಟಿಗೆಗೆ ಹಾಕಿ ಮೈಸೂರಿಗೆ ಒಯ್ದ.

ಬಣ್ಣವಿಲ್ಲದ ನಾಲ್ಕು ತಿಂಗಳು ಸುಖದ್ದೇನಾಗಿರಲಿಲ್ಲ. ಕೆಲವು ಮನೆಯವರು ಕೆಲಸ ಹುಡುಕಿಕೊಂಡು ಮಹಾರಾಷ್ಟ್ರದ ಮಗ್ಗದೂರು ಇಚಲಕರಂಜಿಗೆ ಹೋದರು. ಅವರಲ್ಲಿ ಎಲ್ಲರೂ ತಿರುಗಿ ಬರಲಿಲ್ಲ. ಹೆಣ್ಣು ನೋಡಲು ಬಂದವರು ಬೆಳ್ಳನೆಯ ಸೀರೆ ಕಂಡು ಬಾಗಿಲಿಂದಲೇ ತಿರುಗಿದ್ದುಂಟು. ಮಗ್ಗದವರು ಕೈಕಟ್ಟಿ ಕೂರಲಾರದೆ ಬರೀ ಬಿಳಿ ನೂಲಿನಲ್ಲಿ ದಪ್ಪ ಎಳೆ, ಸಣ್ಣ ಎಳೆ ಕೂಡಿಸಿ ಹೊಸ ನಮೂನೆ ನೇಯ್ದರು. ಕಣ್ಣಿಗೆ ಏನೂ ಕಾಣದು, ಬೆರಳಾಡಿಸಿದರೆ ನವಿಲು ಸಿಗುವುದು. ಹೆಂಗಸರು ಬಣ್ಣದ ಗುರುತು ಹೋದದ್ದಕ್ಕೆ ಒಬ್ಬರನ್ನೊಬ್ಬರು ನಡಿಗೆಯಿಂದ ಗುರುತು ಹಿಡಿಯಲು ಕಲಿತರು. ಮಹಾನಂದಾಳಿಗೆ ತಾನು ಎಡಗಾಲನ್ನು ತುಸು ಎಳೆದು ಇಡುತ್ತೇನೆಂಬುದು ನೆರೆಯವಳು ಹೇಳಿದ ಮೇಲೆಯೇ ತಿಳಿಯಿತು. ತನ್ನ ಬಗ್ಗೆ ಇನ್ನೂ ಏನೇನು ತನಗೆ ಗೊತ್ತಿಲ್ಲವೋ ಎಂದು ಆ ದಿನವೆಲ್ಲ ಯೋಚಿಸಿದಳು.

ದೀಪಾವಳಿಗೆ ಮುಂಚೆ ಮನೆಮನೆಯಿಂದ ತಂದ ಬಟ್ಟೆಯ ಚೂರುಗಳನ್ನು ಕೊನೆಯ ಸಲ ಪರೀಕ್ಷಿಸಿದಳು. ಕವಚದೊಳಗೆ ಜೀವ ಇರಲಿಲ್ಲ. ಘಟಕದ ತೊಟ್ಟಿಯಲ್ಲಿ ಬಣ್ಣಗಳ್ಳಿ ಹೊಸ ಬಣ್ಣದ ನೀರಿಗಾಗಿ ಕಾಯುತ್ತ ಚೆನ್ನಾಗಿತ್ತು. ಹಳ್ಳ ತಿಳಿಯಾಗಿತ್ತು.

ಅಂದು ಗುರುಸಿದ್ದಪ್ಪ ತೊಟ್ಟಿಗೆ ಹೊಸ ನೀರು ತುಂಬಿದ. ಇನ್ನು ಮೇಲೆ ಅದನ್ನು ದಿನಾ ಬರಿದು ಮಾಡಿ ತೊಳೆಯಬೇಕೆಂಬುದು ಸಂಘದ ಕಟ್ಟಳೆ. ಕಾವು ಏರಿತು. ಅವನು ಬಣ್ಣ ಕಲಸಿ ಸುರಿದು, ಒಂದೇ ಒಂದು ಸಣ್ಣ ಲಡಿ ನೂಲನ್ನು ಕೋಲಿಗೆ ಸಿಕ್ಕಿಸಿ ಅದ್ದಿದ. ಎತ್ತಿ, ತಣ್ಣೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹಿಡಿದ. ಕೆಂಪು ಕೂಡಿತ್ತು. ಆದರೆ ಅದು ಸೊಲ್ಲಾಪುರದವರು ಕೇಳುತ್ತಿದ್ದ ಕೆಂಪಾಗಿರಲಿಲ್ಲ. ಅದಕ್ಕಿಂತ ತಿಳಿಯಾಗಿ, ತುಸು ಹಳದಿಯ ಕಡೆಗೆ ವಾಲಿತ್ತು.

"ಇದು ನಮ್ಮಪ್ಪಂದಲ್ಲ, ಅಜ್ಜಂದೂ ಅಲ್ಲ," ಎಂದ. "ಯಾರದಿದು?"

"ನಿಮ್ಮದು."

ಅವನು ಲಡಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಸಂಕಟಪಡುತ್ತಿದ್ದಾನೋ ಸಂತೋಷಪಡುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಲ್ಲ. ಕೊನೆಗೆ ಲಡಿಯನ್ನು ಗಳಕ್ಕೆ ಹಾಕಿ, ಅವಳ ಕಡೆಗೆ ತಿರುಗಿದ.

"ಮೊದಲನೇ ಸೀರಿ ನಿನಗ ಹಾಕ್ತೀನಿ. ಯಾವ ಬಣ್ಣ ಬೇಕು ಹೇಳು."

ಅವಳು ಗಳದ ಮೇಲಿನ ಲಡಿಯನ್ನು ಮುಟ್ಟಿ ನೋಡಿದಳು. ಈ ಮನೆಗೆ ಬಂದಾಗಿನಿಂದ ಅವಳು ಉಟ್ಟದ್ದೆಲ್ಲ ಗಿರಾಕಿಗೆ ಒಪ್ಪಿಗೆಯಾಗದೆ ಉಳಿದದ್ದು. ಒಂದು ನೂಲು ಹೆಚ್ಚು ಕಡುವಾದ ಹಸಿರು, ಒಂದು ಪಾಲು ಕಡಿಮೆ ಬಿದ್ದ ನೇರಳೆ, ಮದುವೆಯ ಕಡೆಯವರು ಬೇಡವೆಂದ ಕೇಸರಿ. ಚೆನ್ನಾಗಿಯೇ ಇರುತ್ತಿದ್ದವು, ಅವಳು ದೂರಿರಲಿಲ್ಲ, ಅವನು ಕೇಳಿರಲಿಲ್ಲ. ತನಗೆ ಯಾವ ಬಣ್ಣ ಬೇಕು ಎಂಬುದು ಯಾರಾದರೂ ಕೇಳಬಹುದಾದ ಪ್ರಶ್ನೆಯೆಂದೇ ಅವಳಿಗೆ ಹೊಳೆದಿರಲಿಲ್ಲ. ಈಗ ಒಳಗೆ ಕೈ ಹಾಕಿ ಹುಡುಕಿದರೆ ಅಲ್ಲಿ ಉತ್ತರವಿರಲಿಲ್ಲ. ವಿಚಿತ್ರವೆಂದರೆ ಅದರಿಂದ ಅವಳಿಗೆ ದುಃಖವಾಗಲಿಲ್ಲ. ನೋಡದ ಒಂದು ಕೋಣೆ ತನ್ನ ಮನೆಯಲ್ಲೇ ಇದೆ ಎಂದು ತಿಳಿದವಳ ಕುತೂಹಲ ಅವಳಲ್ಲಿ ಹುಟ್ಟಿತು.

"ಲಗೂನ ಹೇಳವ್ವ," ಎಂದು ಒಲೆಯ ಕಡೆಯಿಂದ ದಾನವ್ವ ಗದರಿದಳು. "ನೀರು ಕುದ್ದು ಹೊಂಟೈತಿ."

"ಕುದೀಲಿ ತಡೀರಿ ಅತ್ತೀ," ಎಂದಳು ಮಹಾನಂದಾ, ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತ. "ನಾ ಇನ್ನೂ ನೋಡಾಕತ್ತೀನಿ."